ಔಷಧಿ ಕೊಡುವ ಮುಂಚೆ: ವಾರ್ಡ್ ಪೋಸ್ಟಿಂಗ್‌ಗೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಿಗೆ

ಫೈವ್ ರೈಟ್ಸ್ ಯಾವುವು ಅಂತ ಕೇಳಿದರೆ ಜಿಎನ್‌ಎಂ ಮೊದಲ ವರ್ಷದವರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ರೂಟ್ (ಕೊಡುವ ದಾರಿ), ಸರಿಯಾದ ಸಮಯ. ಕೆಲವು ಕಾಲೇಜುಗಳಲ್ಲಿ ಇದನ್ನೇ ಏಳು, ಹತ್ತು ಅಂತ ಬೆಳೆಸಿ ಕಲಿಸುತ್ತಾರೆ. ಒಳ್ಳೆಯದೇ. ಆದರೆ ವಾರ್ಡಿನಲ್ಲಿ ತಪ್ಪು ಮಾಡುವವರು ಇದು ಗೊತ್ತಿಲ್ಲದವರಲ್ಲ, ಬಾಯಿಪಾಠ ಬರುವವರೇ. ಬೆಳಗಿನ ರೌಂಡ್ಸ್ ಶುರುವಾಗಿರುತ್ತದೆ, ಒಂದು ಕಡೆ ಡಿಸ್ಚಾರ್ಜ್ ಆಗುವವರು ಕಾಯುತ್ತಿರುತ್ತಾರೆ, ಇನ್ನೊಂದು ಮೂಲೆಯಿಂದ ಯಾರೋ "ಸಿಸ್ಟರ್, ಡ್ರಿಪ್ ಮುಗೀತು" ಅಂತ ಕೂಗುತ್ತಾರೆ, ಆ ಗಡಿಬಿಡಿಯಲ್ಲಿ ಕಣ್ಣು ಲೇಬಲ್ ಓದುವ ಮೊದಲೇ ಕೈ ಆಂಪೂಲ್ ಒಡೆದಿರುತ್ತದೆ. ಹಾಗಾಗಿ ಪುಸ್ತಕದಲ್ಲಿ ಇರುವುದನ್ನೇ ಮತ್ತೆ ಬರೆಯುವುದಿಲ್ಲ. ಈ ರೈಟ್ಸ್ ವಾರ್ಡಿನಲ್ಲಿ ಎಲ್ಲೆಲ್ಲಿ ಕೈಕೊಡುತ್ತವೆ, ಅಲ್ಲಿ ಏನು ಮಾಡಬೇಕು ಅನ್ನುವುದು ಮಾತ್ರ ಇಲ್ಲಿದೆ.

ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ವಿದ್ಯಾರ್ಥಿಯಾಗಿರುವವರೆಗೆ ನೀವು ಒಬ್ಬರೇ ಔಷಧಿ ಕೊಡುವ ಹಾಗಿಲ್ಲ. ಪಕ್ಕದಲ್ಲಿ ಸ್ಟಾಫ್ ನರ್ಸ್ ಅಥವಾ ನಿಮ್ಮ ಇನ್‌ಸ್ಟ್ರಕ್ಟರ್ ಇರಲೇಬೇಕು. ಸ್ಟಾಫ್ ಕಡಿಮೆ ಇರುವ ದಿನ ಲೋಡ್ ಮಾಡಿದ ಸಿರಿಂಜ್ ಕೈಗೆ ಕೊಟ್ಟು "ಇದನ್ನ 12ನೇ ಬೆಡ್‌ಗೆ ಹಾಕಿ ಬಾ" ಅಂತ ಹೇಳುವವರು ಸಿಗುತ್ತಾರೆ. ಹೋಗಬೇಡಿ. ಸಿರಿಂಜಿನೊಳಗಿನ ಬಣ್ಣವಿಲ್ಲದ ನೀರು ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟಾಪ್ ಕೂಡ ಆಗಿರಬಹುದು, ಪೊಟ್ಯಾಸಿಯಂ ಕೂಡ ಆಗಿರಬಹುದು, ನೋಡಿದರೆ ಗೊತ್ತಾಗುವುದಿಲ್ಲ. "ಮೇಡಂ, ಆಂಪೂಲ್ ತೋರಿಸಿ, ನಿಮ್ಮ ಮುಂದೇನೇ ನಾನು ಲೋಡ್ ಮಾಡ್ತೀನಿ" ಅನ್ನಿ. ಬೈಸಿಕೊಳ್ಳಬಹುದು. ಬೈಸಿಕೊಳ್ಳಿ, ಪರವಾಗಿಲ್ಲ. ಅದೇ ರೀತಿ ನೀವು ಲೋಡ್ ಮಾಡಿದ್ದನ್ನು ಒಂದು ನಿಮಿಷ ಕೆಳಗಿಡುವುದಾದರೂ ಪ್ಲಾಸ್ಟರ್ ಹಚ್ಚಿ ಔಷಧಿಯ ಹೆಸರು, ಡೋಸ್, ರೋಗಿಯ ಹೆಸರು, ಸಮಯ ಬರೆಯಿರಿ. ಹೆಸರಿಲ್ಲದ ಸಿರಿಂಜ್ ಟ್ರೇನಲ್ಲಿ ಕಂಡರೆ ಅದು ಯಾರದ್ದು ಅಂತ ಊಹಿಸುತ್ತಾ ಕೂರಬೇಡಿ, ಇನ್‌ಚಾರ್ಜ್‌ಗೆ ಹೇಳಿ ಬಿಸಾಡಿಸಿ.

ಹೆಸರು ಕೇಳುವ ರೀತಿ

ಫೀಮೇಲ್ ಮೆಡಿಕಲ್ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಏನೂ ವಿಶೇಷವಲ್ಲ. ಒಬ್ಬರು ಶುಗರ್, ಇನ್ನೊಬ್ಬರು ಬಿಪಿ. ನೀವು ಬೆಡ್ ಹತ್ತಿರ ಹೋಗಿ "ಲಕ್ಷ್ಮಮ್ಮ ಅಲ್ವಾ ಅಜ್ಜಿ?" ಅಂತ ಕೇಳುತ್ತೀರಿ. ಅಜ್ಜಿಗೆ ಕಿವಿ ಮಂದ, ನಿನ್ನೆ ರಾತ್ರಿ ನಿದ್ದೆ ಇಲ್ಲ, ಸಿಸ್ಟರ್ ಏನೋ ಕೇಳುತ್ತಿದ್ದಾರೆ ಅಂತ ಮಾತ್ರ ಗೊತ್ತಾಗಿ "ಹೂಂ ಕಣವ್ವ" ಅನ್ನುತ್ತಾರೆ. ಆ ಅಜ್ಜಿಯ ಹೆಸರು ಗೌರಮ್ಮ ಆಗಿದ್ದರೂ ಅದೇ ಹೂಂ ಬರುತ್ತಿತ್ತು.

ಅದಕ್ಕೆ ಉತ್ತರವನ್ನು ನೀವೇ ಇಟ್ಟುಕೊಂಡು ಪ್ರಶ್ನೆ ಕೇಳಬೇಡಿ. "ಅಜ್ಜಿ, ನಿಮ್ಮ ಹೆಸರು ಹೇಳಿ. ನಿಮ್ಮ ಯಜಮಾನರ ಹೆಸರು? ಯಾವ ಊರು?" ಅಂತ ಕೇಳಿ, ಅವರ ಬಾಯಿಂದ ಬರಲಿ. ಆಮೇಲೆ ಕೈಯಲ್ಲಿರುವ ಬ್ಯಾಂಡ್ ಮತ್ತು ಕೇಸ್ ಶೀಟಿನ ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಎರಡನ್ನೂ ತಾಳೆ ನೋಡಿ. ಬ್ಯಾಂಡ್ ಕಟ್ಟದ ಆಸ್ಪತ್ರೆಗಳೂ ಇವೆ. ಅಲ್ಲಿ ಹೆಸರಿನ ಜೊತೆ ಐಪಿ ನಂಬರ್ ಇರುವ ಚೀಟಿ ಕೇಳಿ, ಜೊತೆಗಿರುವ ಅಟೆಂಡರನ್ನೂ ಕೇಳಿ. ಬೆಡ್ ನಂಬರ್ ಮಾತ್ರ ಯಾವತ್ತೂ ಗುರುತಲ್ಲ. ಫ್ಯಾನ್ ಗಾಳಿ ಬರಲಿಲ್ಲ ಅಂತ ರಾತ್ರೋರಾತ್ರಿ ಬೆಡ್ ಅದಲುಬದಲು ಮಾಡಿಕೊಂಡು ಮಲಗುವವರು ಇದ್ದಾರೆ, ಮಲಗಿದವರು ರೋಗಿಯೋ ಅಟೆಂಡರೋ ಅಂತಲೇ ಕೆಲವು ಸಲ ಗೊತ್ತಾಗುವುದಿಲ್ಲ!

ಹೆಸರಿನ ಜೊತೆಯಲ್ಲೇ ಅಲರ್ಜಿ ಕೇಳಿಬಿಡಿ. "ಅಲರ್ಜಿ ಇದೆಯಾ" ಅಂದರೆ ಬಹಳ ಜನಕ್ಕೆ ಅರ್ಥವಾಗುವುದಿಲ್ಲ, ಇಲ್ಲ ಅಂದುಬಿಡುತ್ತಾರೆ. "ಹಿಂದೆ ಯಾವುದಾದರೂ ಇಂಜೆಕ್ಷನ್, ಮಾತ್ರೆ ತಗೊಂಡಾಗ ಮೈಯೆಲ್ಲ ಗಂಧೆ ಎದ್ದಿತ್ತಾ, ಮುಖ ಊದಿತ್ತಾ, ಉಸಿರು ಕಟ್ಟಿತ್ತಾ?" ಅಂತ ಕೇಳಿ ನೋಡಿ, ಆಗ ಕಥೆ ಹೊರಗೆ ಬರುತ್ತದೆ.

ಲೇಬಲ್ ಓದುವುದು ಮೂರು ಸಲ

ಶೆಲ್ಫಿನಿಂದ ತೆಗೆಯುವಾಗ ಒಂದು ಸಲ, ಸಿರಿಂಜಿಗೆ ಎಳೆಯುವ ಮುಂಚೆ ಒಂದು ಸಲ, ಎಳೆದ ಮೇಲೆ ಖಾಲಿ ಆಂಪೂಲ್ ಕೆಳಗಿಡುವಾಗ ಒಂದು ಸಲ. ಮೂರು ಸಲವೂ ಕೇಸ್ ಶೀಟ್ ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಡಬ್ಬದ ಮೇಲಿನ ಹೆಸರು ನಂಬಬೇಡಿ. ಅಟ್ರೊಪಿನ್ ಡಬ್ಬದಲ್ಲಿ ಅಡ್ರಿನಲಿನ್ ಆಂಪೂಲ್ ಸೇರಿಕೊಳ್ಳುವುದಕ್ಕೆ ಒಬ್ಬರು ಅವಸರದಲ್ಲಿ ಎಮರ್ಜೆನ್ಸಿ ಟ್ರೇ ತುಂಬಿದ್ದರೆ ಸಾಕು. ಎರಡೂ 1 ಎಂಎಲ್‌ನ ಪುಟ್ಟ ಆಂಪೂಲ್‌ಗಳು.

ಹೆಸರು ಹತ್ತಿರ ಹತ್ತಿರ ಇರುವ ಜೋಡಿಗಳನ್ನು ನಿಮ್ಮ ಪಾಕೆಟ್ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ: ಡೋಪಮಿನ್, ಡೊಬ್ಯುಟಮಿನ್. ಸೆಫ್ಟ್ರಿಯಾಕ್ಸೋನ್, ಸೆಫೊಟಾಕ್ಸಿಮ್, ಸೆಫ್ಟಾಜಿಡಿಮ್. ಹೈಡ್ರಾಲಜಿನ್, ಹೈಡ್ರಾಕ್ಸಿಜಿನ್. ಇವು ಹೆಸರಿನಲ್ಲಿ ಮೋಸ ಮಾಡಿದರೆ ಇನ್ನು ಕೆಲವು ನೋಟದಲ್ಲಿ ಮೋಸ ಮಾಡುತ್ತವೆ. 100 ಎಂಎಲ್‌ನ ಪ್ಲಾಸ್ಟಿಕ್ ಬಾಟಲಿಗಳನ್ನೇ ನೋಡಿ. ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಾಸಿನ್, ಪ್ಯಾರಾಸಿಟಮಾಲ್ ಮೂರೂ ಒಂದೇ ಅಚ್ಚಿನಲ್ಲಿ ಬರುತ್ತವೆ, ಸ್ಟ್ಯಾಂಡಿಗೆ ತೂಗು ಹಾಕಿದ ಮೇಲೆ ದೂರದಿಂದ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ತೂಗು ಹಾಕುವ ಮುಂಚೆ ಓದಿ, ಹಾಕಿದ ಮೇಲೆ ಲೇಬಲ್ ನಿಮ್ಮ ಕಡೆ ತಿರುಗಿಸಿ ಇನ್ನೊಮ್ಮೆ ಓದಿ.

ಇನ್ನೊಂದು ಸಮಸ್ಯೆ ಹೊರಗಿನಿಂದ ಬರುವ ಔಷಧಿ. ಚೀಟಿ ಬರೆದುಕೊಟ್ಟಿರುತ್ತಾರೆ, ರೋಗಿಯ ಮಗ ಮೆಡಿಕಲ್ ಸ್ಟೋರಿಗೆ ಓಡುತ್ತಾನೆ, ಅಲ್ಲಿ ಆ ಬ್ರ್ಯಾಂಡ್ ಇರುವುದಿಲ್ಲ, ಬೇರೆ ಕೊಟ್ಟು ಕಳಿಸುತ್ತಾರೆ. ಕವರ್ ಬಿಚ್ಚಿದ ಕೂಡಲೇ ಬ್ರ್ಯಾಂಡ್ ಹೆಸರು ಬಿಟ್ಟು ಜೆನೆರಿಕ್ ಹೆಸರು ಓದಿ, ಸ್ಟ್ರೆಂತ್ ಓದಿ, ಎಕ್ಸ್‌ಪೈರಿ ನೋಡಿ. ಕೇಸ್ ಶೀಟಿನಲ್ಲಿರುವುದೇ ಇದು ಅಂತ ಖಾತ್ರಿ ಆಗದಿದ್ದರೆ ಡ್ಯೂಟಿ ಡಾಕ್ಟರಿಗೆ ತೋರಿಸದೆ ಕೊಡಬೇಡಿ.

ಡಾಕ್ಟರ ಕೈಬರಹ ಓದಲು ಬರಲಿಲ್ಲವಾ? ಪಕ್ಕದ ಗೆಳತಿಯನ್ನು ಕೇಳಬೇಡಿ, ಬರೆದವರನ್ನೇ ಕೇಳಿ. ಫೋನಿನಲ್ಲಿ ಆರ್ಡರ್ ಕೊಟ್ಟರೆ ಅದನ್ನು ತೆಗೆದುಕೊಳ್ಳುವುದು ಸ್ಟಾಫ್ ನರ್ಸ್ ಕೆಲಸ, ನಿಮ್ಮದಲ್ಲ. ಅವರೂ ಬರೆದುಕೊಂಡು, ವಾಪಸ್ ಓದಿ ಹೇಳಿ, ಆ ಕಡೆಯಿಂದ ಸರಿ ಅಂತ ಬಂದ ಮೇಲೆಯೇ ಕೊಡುತ್ತಾರೆ. ಗಮನಿಸಿ ಕಲಿಯಿರಿ.

ಲೆಕ್ಕ

ಸೂತ್ರ ಒಂದೇ. ಬೇಕಾದ ಡೋಸನ್ನು ಇರುವ ಡೋಸಿನಿಂದ ಭಾಗಿಸಿ, ಅದು ಎಷ್ಟು ಎಂಎಲ್‌ನಲ್ಲಿದೆಯೋ ಅದರಿಂದ ಗುಣಿಸಿ. ಜೆಂಟಾಮೈಸಿನ್ 2 ಎಂಎಲ್‌ನಲ್ಲಿ 80 ಎಂಜಿ ಇದೆ, ಬೇಕಿರುವುದು 60 ಎಂಜಿ, ಅಂದರೆ 1.5 ಎಂಎಲ್. ಇಷ್ಟೇ. ಬಂದ ಉತ್ತರವನ್ನು ಕಣ್ಣು ಮುಚ್ಚಿ ನಂಬದೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನ್ಯಾಯವಾಗಿದೆಯಾ? ಒಬ್ಬ ರೋಗಿಗೆ ಒಂದು ಡೋಸ್ ಕೊಡಲು ಐದಾರು ಆಂಪೂಲ್ ಒಡೆಯಬೇಕು ಅಂತ ಲೆಕ್ಕ ಹೇಳಿದರೆ ಬಹಳ ಸಲ ಲೆಕ್ಕವೇ ತಪ್ಪಿರುತ್ತದೆ, ಅಥವಾ ಬರೆದದ್ದೇ ತಪ್ಪಿರುತ್ತದೆ. ನಿಲ್ಲಿಸಿ ಕೇಳಿ.

ಪೀಡಿಯಾಟ್ರಿಕ್ ವಾರ್ಡಿನಲ್ಲಿ ಎಂಎಲ್ ಲೆಕ್ಕದಲ್ಲಿ ಮಾತಾಡುವ ಚಟವೇ ಬೇಡ. ಪ್ಯಾರಾಸಿಟಮಾಲ್ ತಗೊಳ್ಳಿ. ನಮ್ಮಲ್ಲಿ ಅದು 5 ಎಂಎಲ್‌ಗೆ 120 ಎಂಜಿ ಇರುವ ಸಿರಪ್ ಆಗಿ ಬರುತ್ತದೆ, 5 ಎಂಎಲ್‌ಗೆ 250 ಎಂಜಿ ಇರುವ ಸಿರಪ್ ಆಗಿಯೂ ಬರುತ್ತದೆ, ಇನ್ನು ಪುಟ್ಟ ಮಕ್ಕಳ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ ಇರುತ್ತದೆ. 10 ಕೆಜಿ ಮಗುವಿಗೆ ಕೆಜಿಗೆ 15 ಎಂಜಿಯಂತೆ 150 ಎಂಜಿ ಬೇಕು ಅಂತ ಇಟ್ಟುಕೊಳ್ಳಿ. ಮೊದಲನೆಯ ಸಿರಪ್ಪಿನಲ್ಲಿ ಅದು 6 ಎಂಎಲ್‌ಗಿಂತ ಸ್ವಲ್ಪ ಜಾಸ್ತಿ. ಎರಡನೆಯದರಲ್ಲಿ 3 ಎಂಎಲ್. ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ ಎಂಎಲ್. ಯಾರೋ "6 ಎಂಎಲ್ ಕೊಡಿ" ಅಂದರು, ಕೈಗೆ ಸಿಕ್ಕಿದ್ದು ಡ್ರಾಪ್ಸ್, ಆಗ ಮಗುವಿನ ಹೊಟ್ಟೆಗೆ ಹೋಗುವುದು 600 ಎಂಜಿ. ನಾಲ್ಕು ಪಟ್ಟು! ಮನೆಗೆ ಹೋಗುವ ತಾಯಿಗೂ ಇದನ್ನು ಬಾಟಲಿ ಕೈಯಲ್ಲಿ ಹಿಡಿದು, ಅಳತೆಯ ಗೆರೆ ಮುಟ್ಟಿ ತೋರಿಸಿ ಹೇಳಬೇಕು. ಮಗುವಿನ ತೂಕವನ್ನು ತಾಯಿ ಹೇಳಿದ್ದು, ಹೋದ ತಿಂಗಳ ಕಾರ್ಡಿನಲ್ಲಿ ಇದ್ದದ್ದು ಹಾಕಬೇಡಿ. ಇವತ್ತು ತೂಗಿ.

ಬರೆಯುವಾಗ ಅರ್ಧ ಎಂಜಿಯನ್ನು 0.5 ಅಂತಲೇ ಬರೆಯಿರಿ, ಸೊನ್ನೆ ಬಿಟ್ಟು ಬರೀ ಚುಕ್ಕಿ ಇಟ್ಟರೆ 5 ಆಗುತ್ತದೆ. 5 ಎಂಜಿಯನ್ನು 5 ಅಂತಲೇ ಬರೆಯಿರಿ, 5.0 ಅಂತ ಬರೆದರೆ ಚುಕ್ಕಿ ಮಸುಕಾಗಿ 50 ಆಗುತ್ತದೆ. ಇನ್ಸುಲಿನ್ನಿಗೆ ಯುನಿಟ್ ಅಂತ ಪೂರ್ತಿ ಬರೆಯಿರಿ, ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಹಾಕಿದರೆ ಅದು ಸೊನ್ನೆಯ ಹಾಗೆ ಕಾಣುತ್ತದೆ, 10 ಹೋಗಿ 100 ಆಗುತ್ತದೆ.

ಇನ್ಸುಲಿನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು

ಯಾಕೆಂದರೆ ನಮ್ಮ ದೇಶದಲ್ಲಿ ಎರಡು ಸ್ಟ್ರೆಂತ್ ಓಡಾಡುತ್ತಿದೆ. 1 ಎಂಎಲ್‌ಗೆ 40 ಯುನಿಟ್ ಇರುವ ವಯಲ್ ಇದೆ, 100 ಯುನಿಟ್ ಇರುವುದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ ಕ್ಯಾಪ್. ಬಣ್ಣ ನೋಡಿ ಬಿಟ್ಟುಬಿಡಬೇಡಿ, ಸಿರಿಂಜಿನ ಮೇಲೆ ಅಚ್ಚಾದ ಅಂಕಿಯನ್ನೂ ವಯಲ್ ಮೇಲಿನ ಅಂಕಿಯನ್ನೂ ಪಕ್ಕಪಕ್ಕ ಹಿಡಿದು ನೋಡಿ.

ಬೆರೆತುಹೋದರೆ ಏನಾಗುತ್ತದೆ? ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 10ರ ಗೆರೆ ಅಂದರೆ ಕಾಲು ಎಂಎಲ್. ಅದರಲ್ಲಿ 100ರ ವಯಲಿನಿಂದ ಎಳೆದರೆ ಹೋಗುವುದು 25 ಯುನಿಟ್. 10 ಕೊಡಬೇಕಾದ ಕಡೆ 25. ಇದು ಒಬ್ಬ ವಯಸ್ಸಾದವರನ್ನು ಹೈಪೋಗೆ (ಶುಗರ್ ತೀರಾ ಇಳಿದುಹೋಗುವ ಸ್ಥಿತಿಗೆ) ತಳ್ಳಲು ಧಾರಾಳ ಸಾಕು. ಉಲ್ಟಾ ಆದರೆ, ಅಂದರೆ ಕಿತ್ತಳೆ ಕ್ಯಾಪಿನಲ್ಲಿ 40ರ ವಯಲ್ ಎಳೆದರೆ, 10ರ ಗೆರೆಯಲ್ಲಿ ಬರೀ 4 ಯುನಿಟ್ ಹೋಗುತ್ತದೆ. ಶುಗರ್ ಇಳಿಯಲ್ಲ, ಮರುದಿನ ಡಾಕ್ಟರ್ ಡೋಸ್ ಏರಿಸುತ್ತಾರೆ, ಅಷ್ಟರಲ್ಲಿ ಯಾರೋ ಸರಿಯಾದ ಸಿರಿಂಜ್ ತರುತ್ತಾರೆ. ಮುಂದಿನದ್ದು ನೀವೇ ಊಹಿಸಿ. ಮಾಮೂಲಿ 2 ಎಂಎಲ್ ಸಿರಿಂಜಿನಲ್ಲಿ ಇನ್ಸುಲಿನ್ ಎಳೆಯುವ ಮಾತೇ ಬೇಡ.

ಕೊಡುವ ಮುಂಚೆ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) ಈಗಷ್ಟೇ ನೋಡಿದ್ದಿರಬೇಕು. ಊಟದ ಗಾಡಿ ಎಲ್ಲಿದೆ ಅಂತಲೂ ನೋಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ರೆಗ್ಯುಲರ್ ಇನ್ಸುಲಿನ್ ಅಂತ ಬರೆದಿರುತ್ತದೆ, ನೀವು ಗಡಿಯಾರ ನೋಡಿ ಕೊಟ್ಟುಬಿಡುತ್ತೀರಿ, ಊಟ ಒಂದೂವರೆ ಗಂಟೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ರೋಗಿ ಬೆವರಿ ನಡುಗುತ್ತಿರುತ್ತಾರೆ. ವಾಂತಿ ಆಗುತ್ತಿದ್ದರೆ, ಆಪರೇಷನ್ನಿಗೆ ಉಪವಾಸ ಇಟ್ಟಿದ್ದರೆ ಕೊಡಬೇಕಾ ಅಂತ ಕೇಳಿಯೇ ಮುಂದುವರಿಯಿರಿ. ರೆಗ್ಯುಲರ್ ಮತ್ತು ಎನ್‌ಪಿಎಚ್ ಒಂದೇ ಸಿರಿಂಜಿನಲ್ಲಿ ಬೆರೆಸಲು ಬರೆದಿದ್ದರೆ ಮೊದಲು ತಿಳಿಯಾದದ್ದು (ರೆಗ್ಯುಲರ್), ಆಮೇಲೆ ಮಸುಕಾದದ್ದು (ಎನ್‌ಪಿಎಚ್).

ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ಮಾರ್ಫಿನ್ ತರಹದವು, ಕ್ಯಾನ್ಸರ್ ಔಷಧಿಗಳು, ಇವಕ್ಕೆ ಹೈ ಅಲರ್ಟ್, ಅಂದರೆ ತಪ್ಪಿದರೆ ದೊಡ್ಡ ಹಾನಿ ಮಾಡುವವು, ಅಂತ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದ ಆಗುವ ಹಾನಿ ತಡೆಯಲೆಂದೇ ಒಂದು ಜಾಗತಿಕ ಅಭಿಯಾನ ಶುರು ಮಾಡಿತು, ಅದರಲ್ಲೂ ಇವುಗಳ ಮೇಲೆ ವಿಶೇಷ ಗಮನವಿದೆ. ಇವನ್ನು ಇಬ್ಬರು ನೋಡಿ ಕೊಡಬೇಕು ಅನ್ನುವುದು ನಿಯಮ. ಆದರೆ ಇಬ್ಬರು ನೋಡುವುದು ಅಂದರೆ "ಸಿಸ್ಟರ್, 0.4 ಎಂಎಲ್ ಸರಿ ಇದೆ ಅಲ್ವಾ?" ಅಂತ ಕೇಳಿ ಹೂಂ ಅನ್ನಿಸಿಕೊಳ್ಳುವುದಲ್ಲ. ಗೌರಮ್ಮಜ್ಜಿ ಅಂದ ಹೂಂಗೂ ಇದಕ್ಕೂ ಏನು ವ್ಯತ್ಯಾಸ? ಆರ್ಡರ್ ಮತ್ತು ವಯಲ್ ಅವರ ಕೈಗೆ ಕೊಡಿ, ಉತ್ತರ ಹೇಳಬೇಡಿ, ಅವರೇ ಲೆಕ್ಕ ಹಾಕಲಿ. ಇಬ್ಬರದ್ದೂ ಒಂದೇ ಬಂದರೆ ಮಾತ್ರ ಮುಂದೆ. ಹೆಪಾರಿನ್ನಿನಲ್ಲಂತೂ ಇದು ಬೇಕೇ ಬೇಕು. 5 ಎಂಎಲ್‌ನ ವಯಲ್ ಒಂದೇ ಥರ ಕಾಣುತ್ತದೆ, ಒಂದರಲ್ಲಿ ಎಂಎಲ್‌ಗೆ 1000 ಯುನಿಟ್, ಇನ್ನೊಂದರಲ್ಲಿ 5000.

ಯಾವ ದಾರಿಯಲ್ಲಿ, ಎಷ್ಟು ನಿಧಾನವಾಗಿ

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೇರವಾಗಿ ವೇನಿಗೆ ಪುಶ್ ಮಾಡಬಾರದು. ಯಾವತ್ತೂ, ಯಾರು ಹೇಳಿದರೂ. ಹೃದಯ ನಿಲ್ಲುತ್ತದೆ. ನಮ್ಮಲ್ಲಿ ಸಿಗುವ 10 ಎಂಎಲ್ ಆಂಪೂಲಿನಲ್ಲಿ 20 ಮಿಲಿ ಇಕ್ವಿವಲೆಂಟ್ ಇರುತ್ತದೆ, ಸಾಮಾನ್ಯ ವಾರ್ಡಿನಲ್ಲಿ ಕೈಯ ವೇನಿನ ಮೂಲಕ ಗಂಟೆಗೆ 10 ಮಿಲಿ ಇಕ್ವಿವಲೆಂಟಿಗಿಂತ ಜಾಸ್ತಿ ಬಿಡುವುದಿಲ್ಲ. ಡಿಸ್ಟಿಲ್ಡ್ ವಾಟರ್ ಆಂಪೂಲ್ ಪಕ್ಕದಲ್ಲಿ ಇದನ್ನು ಇಟ್ಟಿದ್ದು ಕಂಡರೆ ಕೂಡಲೇ ಇನ್‌ಚಾರ್ಜ್‌ಗೆ ಹೇಳಿ ಬೇರೆ ಕಡೆ ಇಡಿಸಿ. ಇನ್ನೊಂದು ಸೂಕ್ಷ್ಮ ಇದೆ. ತೂಗು ಹಾಕಿದ ಬಾಟಲಿಗೇ ಪೊಟ್ಯಾಸಿಯಂ ಚುಚ್ಚಿ ಸುಮ್ನೆ ಬಿಟ್ಟರೆ ಅದು ಬೆರೆಯದೆ ತಳದಲ್ಲೇ ನಿಲ್ಲುತ್ತದೆ, ತಳದಿಂದಲೇ ಡ್ರಿಪ್ ಹೋಗುವುದು, ಪುಶ್ ಮಾಡಿದಷ್ಟೇ ಅಪಾಯ. ಬಾಟಲಿ ಕೆಳಗಿಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಹಚ್ಚಿ, ಆಮೇಲೆ ಹಾಕಿ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಮೊದಲೇ ನೋಡಿರಬೇಕು.

ಫೆನಿಟಾಯಿನ್ ನಾರ್ಮಲ್ ಸಲೈನಿನಲ್ಲಿ ಮಾತ್ರ, ಡೆಕ್ಸ್‌ಟ್ರೋಸಿನಲ್ಲಿ ಹಾಕಿದರೆ ಹರಳುಗಟ್ಟುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 50 ಎಂಜಿ ದಾಟಬಾರದು. ವ್ಯಾಂಕೊಮೈಸಿನ್ ಕಡಿಮೆ ಅಂದರೂ ಒಂದು ಗಂಟೆ ಓಡಬೇಕು, ಬೇಗ ಬಿಟ್ಟರೆ ಮುಖ ಕತ್ತು ಕೆಂಪಾಗಿ ಬಿಪಿ ಇಳಿಯಬಹುದು. ಸೆಫ್ಟ್ರಿಯಾಕ್ಸೋನನ್ನು ರಿಂಗರ್ ಲ್ಯಾಕ್ಟೇಟ್ ಓಡುತ್ತಿರುವ ಲೈನಿನಲ್ಲಿ ಕೊಡಬೇಡಿ, ಅದರಲ್ಲಿ ಕ್ಯಾಲ್ಸಿಯಂ ಇದೆ. ಅದೇ ಸೆಫ್ಟ್ರಿಯಾಕ್ಸೋನನ್ನು ಮಾಂಸಖಂಡಕ್ಕೆ ಕೊಡಲು ಲಿಗ್ನೊಕೇನಿನಲ್ಲಿ ಕಲಸಿದ್ದರೆ ಅದು ವೇನಿಗೆ ಹೋಗಕೂಡದು.

ಡೈಕ್ಲೊಫೆನಾಕ್ 3 ಎಂಎಲ್ ಆಂಪೂಲನ್ನು ತೋಳಿಗೆ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಔಷಧಿಗೆ ಅಲ್ಲಿ ಜಾಗವಿಲ್ಲ. ಸೊಂಟದ ಪಕ್ಕದ ವೆಂಟ್ರೊಗ್ಲೂಟಿಯಲ್ ಜಾಗ ಒಳ್ಳೆಯದು, ಸಯಾಟಿಕ್ ನರದಿಂದ ದೂರ. ಗುರುತಿಸಲು ಲ್ಯಾಬಿನಲ್ಲೇ ಒಬ್ಬರ ಮೇಲೊಬ್ಬರು ಕೈಯಿಟ್ಟು ಅಭ್ಯಾಸ ಮಾಡಿ.

ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆಯ) ರೋಗಿಗೆ ಎಲ್ಲ ಮಾತ್ರೆಯನ್ನೂ ಒಟ್ಟಿಗೆ ಕುಟ್ಟಿ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಎಂಟೆರಿಕ್ ಕೋಟಿಂಗ್ (ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪ) ಇರುವುದು, ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್, ರಿಟಾರ್ಡ್ ಅಂತ ಇರುವುದು ಕುಟ್ಟುವಂಥದ್ದಲ್ಲ. ಎಸ್‌ಆರ್ ತರಹದ್ದನ್ನು ಕುಟ್ಟಿದರೆ ಇಡೀ ದಿನ ನಿಧಾನವಾಗಿ ಬಿಡಬೇಕಾದದ್ದು ಒಂದೇ ಸಲ ಒಳಗೆ ಹೋಗುತ್ತದೆ. ಬದಲಿ ಕೊಡಿ ಅಂತ ಡಾಕ್ಟರನ್ನು ಕೇಳಿ. ಉಳಿದವನ್ನು ಒಂದೊಂದಾಗಿ ನೀರಿನಲ್ಲಿ ಕದಡಿ ಕೊಟ್ಟು, ನಡುನಡುವೆ ನೀರು ಬಿಡಿ.

ಡ್ರಿಪ್ ಲೆಕ್ಕ: ಎಂಎಲ್ ಅನ್ನು ಸೆಟ್ಟಿನ ಡ್ರಾಪ್ ಫ್ಯಾಕ್ಟರಿನಿಂದ (ಒಂದು ಎಂಎಲ್‌ಗೆ ಎಷ್ಟು ಹನಿ ಅನ್ನುವ ಅಂಕಿಯಿಂದ) ಗುಣಿಸಿ, ನಿಮಿಷದಿಂದ ಭಾಗಿಸಿ. 500 ಎಂಎಲ್ ನಾಲ್ಕು ಗಂಟೆಗೆ, ಎಂಎಲ್‌ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ 42 ಹನಿ. 15 ಹನಿಯ ಸೆಟ್ಟೂ ಬರುತ್ತದೆ, ಆಗ 31. ಪ್ಯಾಕೆಟ್ ಬಿಸಾಡುವ ಮುಂಚೆ ನೋಡಿಕೊಳ್ಳಿ. ರೋಗಿ ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಅಟೆಂಡರ್ ರೋಲರ್ ತಿರುಗಿಸಿರುತ್ತಾರೆ, ಮತ್ತೆ ಎಣಿಸಿ.

ಕೊಡದಿರುವುದೂ ಕೆಲಸವೇ

ಡಿಗಾಕ್ಸಿನ್ ಕೊಡುವ ಮುಂಚೆ ಎದೆಯ ಮೇಲೆ ಸ್ಟೆತ್ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸಿ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಹಿಡಿದಿಟ್ಟು ಡಾಕ್ಟರಿಗೆ ಹೇಳಿ. ಬಿಪಿ ಮಾತ್ರೆಗೆ ಬಿಪಿ ನೋಡಿ. ಮೆಥೊಟ್ರೆಕ್ಸೇಟ್ ಮಾತ್ರೆ ಕೀಲುನೋವಿನವರಿಗೆ ವಾರಕ್ಕೆ ಒಂದು ದಿನ ಕೊಡುವಂಥದ್ದು. ಅದು ದಿನಾ ಅಂತ ಬರೆದಿದ್ದು ಕಂಡರೆ ಕೊಡಬೇಡಿ, ಕೇಳಿ. ಹೀಗೆ ದಿನಾ ತಿಂದು ಜೀವ ಹೋದವರಿದ್ದಾರೆ.

"ಸಿಸ್ಟರ್, ನಿನ್ನೆ ಬಿಳಿ ಮಾತ್ರೆ ಇತ್ತಲ್ಲ, ಇವತ್ತೇನು ಹಳದಿ?" ಅಂತ ರೋಗಿ ಕೇಳಿದರೆ ಅದು ತಕರಾರಲ್ಲ. ಅಲ್ಲೇ ನಿಲ್ಲಿ. ಕೇಸ್ ಶೀಟ್ ತೆಗೆಯಿರಿ, ಮಾತ್ರೆ ಮತ್ತೆ ನೋಡಿ. ಹತ್ತರಲ್ಲಿ ಒಂಬತ್ತು ಸಲ ಬ್ರ್ಯಾಂಡ್ ಬದಲಾಗಿರುತ್ತದೆ ಅಷ್ಟೇ. ಆ ಹತ್ತನೆಯದಕ್ಕಾಗಿ ನಿಲ್ಲಬೇಕು. ಬೇಡ ಅಂದರೆ ಬಲವಂತ ಬೇಡ, ಯಾಕೆ ಬೇಡ ಅಂತ ಕೇಳಿ, ಬರೆಯಿರಿ, ಹೇಳಿ. ಮಾತ್ರೆಯನ್ನು ಲಾಕರ್ ಮೇಲೆ ಇಟ್ಟು "ಆಮೇಲೆ ತಗೊಳ್ಳಿ" ಅಂತ ಬರಬೇಡಿ. ನುಂಗುವುದನ್ನು ನೋಡಿಯೇ ಬನ್ನಿ. ಮನೆಯಿಂದ ತಂದ ಮಾತ್ರೆ, ನಾಟಿ ಔಷಧಿ, ಕಷಾಯ ಏನಾದರೂ ನಡೆಯುತ್ತಿದೆಯಾ ಅಂತ ಮೆಲ್ಲಗೆ ವಿಚಾರಿಸಿ, ಬೈದರೆ ಮುಚ್ಚಿಡುತ್ತಾರೆ.

ಕೊಟ್ಟ ಮೇಲೆ

ಕೊಟ್ಟ ಕೂಡಲೇ ಬರೆಯಿರಿ. ಮುಂಚೆಯೂ ಅಲ್ಲ, ಶಿಫ್ಟ್ ಮುಗಿಯುವಾಗ ಒಟ್ಟಿಗೆ ಟಿಕ್ ಹಾಕುವುದೂ ಅಲ್ಲ. 2 ಗಂಟೆಯ ಡೋಸ್ ಕೊಟ್ಟು ಬರೆಯದೆ ಊಟಕ್ಕೆ ಹೋದರೆ, ಆಫ್ಟರ್‌ನೂನ್ ಶಿಫ್ಟಿನವರು ಖಾಲಿ ಜಾಗ ನೋಡಿ ಮತ್ತೆ ಕೊಡುತ್ತಾರೆ. ನಿಮ್ಮ ಸಹಿ, ಪಕ್ಕದಲ್ಲಿ ಸ್ಟಾಫ್ ಸಹಿ. ಕೊಡದಿದ್ದರೆ ಕಾರಣ.

ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಹಬ್ ಕಟರಿನಲ್ಲಿ ಕತ್ತರಿಸಿ ಸೂಜಿ ಬಿಳಿ ಡಬ್ಬಕ್ಕೆ, ಸಿರಿಂಜ್ ಕೆಂಪಿಗೆ, ಗಾಜಿನ ಆಂಪೂಲ್ ನೀಲಿಗೆ. ಇಂಜೆಕ್ಷನ್ ಆದ ಮೇಲೆ, ಅದರಲ್ಲೂ ಆಂಟಿಬಯಾಟಿಕ್‌ನ ಮೊದಲ ಡೋಸ್ ಆದ ಮೇಲೆ, ಅರ್ಧ ಗಂಟೆ ಆ ರೋಗಿಯ ಮೇಲೆ ಒಂದು ಕಣ್ಣಿರಲಿ. ತುರಿಕೆ, ಗಂಟಲು ಬಿಗಿತ, ಉಸಿರಾಟದಲ್ಲಿ ಶಬ್ದ, ತಲೆಸುತ್ತು ಅಂದರೆ ಔಷಧಿ ನಿಲ್ಲಿಸಿ ಕೂಗಿ ಕರೆಯಿರಿ, ಎಮರ್ಜೆನ್ಸಿ ಟ್ರೇ ತನ್ನಿ. ಅಡ್ರಿನಲಿನ್ ಎಲ್ಲಿದೆ ಅಂತ ಆಗ ಹುಡುಕುವುದಲ್ಲ, ಪೋಸ್ಟಿಂಗಿನ ಮೊದಲ ದಿನವೇ ನೋಡಿಟ್ಟುಕೊಂಡಿರಬೇಕು.

ತಪ್ಪಾಗಿದೆ ಅಂತ ಗೊತ್ತಾದರೆ ಮೊದಲು ರೋಗಿಯ ಹತ್ತಿರ ಹೋಗಿ. ಡ್ರಿಪ್ ಓಡುತ್ತಿದ್ದರೆ ನಿಲ್ಲಿಸಿ, ಕ್ಯಾನುಲಾ ತೆಗೆಯಬೇಡಿ. ಪಲ್ಸ್, ಬಿಪಿ, ಉಸಿರು, ಬೇಕಿದ್ದರೆ ಶುಗರ್. ಅದೇ ಹೊತ್ತಿಗೆ ಇನ್‌ಚಾರ್ಜ್‌ಗೂ ಡ್ಯೂಟಿ ಡಾಕ್ಟರಿಗೂ ಇದ್ದದ್ದು ಇದ್ದ ಹಾಗೆ ಹೇಳಿ: ಏನು ಕೊಟ್ಟಿರಿ, ಎಷ್ಟು, ಯಾವಾಗ. ಆಂಪೂಲ್ ಎಸೆಯಬೇಡಿ, ಎತ್ತಿಡಿ. ಕೇಸ್ ಶೀಟಿನಲ್ಲಿ ನಡೆದದ್ದನ್ನು ಬರೆಯಿರಿ, ಹಳೆಯದನ್ನು ತಿದ್ದಬೇಡಿ, ವೈಟ್ನರ್ ಹಚ್ಚಬೇಡಿ. ಇನ್ಸಿಡೆಂಟ್ ಫಾರಂ ಬೇರೆ. ಹತ್ತು ನಿಮಿಷದಲ್ಲಿ ಹೇಳಿದರೆ ಸರಿಪಡಿಸಬಹುದಾದದ್ದು ಎರಡು ಗಂಟೆಯ ನಂತರ ಹೇಳಿದರೆ ಆಗದೇ ಇರಬಹುದು. ಗದರುವವರು ಗದರಲಿ.

ತಪ್ಪಿಲ್ಲದೆಯೂ ಔಷಧಿಯಿಂದಲೇ ತೊಂದರೆ ಆದರೆ ಅದನ್ನೂ ವರದಿ ಮಾಡಬಹುದು, ನರ್ಸ್ ಆಗಿ ನೀವೇ ಮಾಡಬಹುದು. ದೇಶದ ಫಾರ್ಮಾಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ನಂಬರ್ 1800-180-3024. ನಿಮ್ಮ ಆಸ್ಪತ್ರೆ ಮೆಡಿಕಲ್ ಕಾಲೇಜಿಗೆ ಸೇರಿದ್ದಾದರೆ ಫಾರ್ಮಕಾಲಜಿ ವಿಭಾಗದಲ್ಲಿ ಅದರ ಕೇಂದ್ರ ಇದೆಯಾ ವಿಚಾರಿಸಿ, ಫಾರಂ ಅಲ್ಲೇ ಸಿಗುತ್ತದೆ. ಔಷಧಿಯ ಬ್ಯಾಚ್ ನಂಬರ್ ಕೇಳುತ್ತಾರೆ, ಅದಕ್ಕೇ ಖಾಲಿ ವಯಲ್ ಎತ್ತಿಟ್ಟಿರಿ.